ನಕ್ಕವಳ ಹೆಸರು

ನಿಮ್ಮ ಕೆಲಸ ಏನು ಎಂದು ಯಾರಾದರೂ ಕೇಳಿದರೆ ನಾನು ಸ್ವಲ್ಪ ತಡವರಿಸುತ್ತೇನೆ. ನಿಜ ಹೇಳಬೇಕೆಂದರೆ ಜನರಿಗೆ ಹೆಸರಿಡುವುದೇ ನನ್ನ ಕೆಲಸ. ನಮ್ಮ ಕಡೆ ಈ ಮಾತಿಗೆ ಇರುವ ಇನ್ನೊಂದು ಅರ್ಥ ನಿಮಗೂ ಗೊತ್ತು. ಮಾಡಿದ ಸಾರಿಗೆ, ಉಟ್ಟ ಸೀರೆಗೆ, ಬಂದ ಸೊಸೆಗೆ ಹುಳುಕು ಹುಡುಕುವುದಕ್ಕೂ ಹೆಸರಿಡುವುದು ಎಂದೇ ಅನ್ನುತ್ತಾರೆ. ಹೀಗಾಗಿ ನಾನು ಸಂಜೆ ಮನೆಗೆ ಬಂದು ಕಾಲು ಚಾಚಿ ಕೂತರೆ ನಮ್ಮ ಯಜಮಾನರು, "ಏನ, ಇವತ್ತ ಎಷ್ಟ ಮಂದಿಗೆ ಹೆಸರಿಟ್ಟು ಬಂದಿ?" ಎಂದು ಕೇಳುತ್ತಾರೆ. "ಇಟ್ಟದ್ದು ಒಂದೂ ನಿಂತಿಲ್ಲ" ಎನ್ನುತ್ತೇನೆ. ತಮಾಷೆ ಎಂದುಕೊಂಡು ಅವರು ನಗುತ್ತಾರೆ. ನಾನು ತಮಾಷೆ ಮಾಡಿರುವುದಿಲ್ಲ.

ಕಾಲೇಜಿನ ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ಹಳಿಯಾಳದ ಒಂದು ಡಿಜಿಟಲ್ ಗ್ರಂಥಾಲಯಕ್ಕೆ ಸೇರಿಕೊಂಡೆ. ಗ್ರಂಥಾಲಯ ಎಂದ ಕೂಡಲೇ ಪುಸ್ತಕದ ಕಪಾಟುಗಳನ್ನು ಕಲ್ಪಿಸಿಕೊಳ್ಳಬೇಡಿ. ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆ, ಎರಡು ಕಂಪ್ಯೂಟರು, ಬೂಸರು ಹಿಡಿದ ಕ್ಯಾಸೆಟ್ಟುಗಳ ಪೆಟ್ಟಿಗೆಗಳು, ಕೆಳಗಿನಿಂದ ಏರಿ ಬರುವ ಒಣಮೆಣಸಿನಕಾಯಿಯ ಘಾಟು. ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾರ್ಯಾರೋ ಯಾವ್ಯಾವಾಗಲೋ ತೆಗೆದ ಫೋಟೊ, ಹಿಡಿದಿಟ್ಟ ಹಾಡು, ಕತೆ, ಮಾತು ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ಯಾರು ಎಲ್ಲಿ ಕೂತು ಹುಡುಕಿದರೂ ಸಿಗುವಂತೆ ಮಾಡುವುದು ಇದರ ಉದ್ದೇಶ. ಏರಿಸುವುದು ಕಷ್ಟವಲ್ಲ. ಸಿಗುವಂತೆ ಮಾಡುವುದು ಕಷ್ಟ. ಅದಕ್ಕಾಗಿ ನಾನಿದ್ದೇನೆ.

ನಮ್ಮ ಮೂಲಮಂತ್ರ ಸರಳ. ಒಬ್ಬ ಮನುಷ್ಯನಿಗೆ ಎಷ್ಟೇ ಹೆಸರಿರಲಿ, ಕ್ಯಾಟಲಾಗಿನಲ್ಲಿ ಒಂದೇ ರೂಪ ಅಧಿಕೃತ. ಉಳಿದ ರೂಪಗಳೆಲ್ಲ ಅದರತ್ತ ಬೆರಳು ತೋರಿಸಿ 'ಅಲ್ಲಿ ನೋಡಿ' ಎನ್ನಬೇಕು. ಹೀಗೆ ಒಪ್ಪಿಕೊಂಡ ಹೆಸರುಗಳ, ಊರುಗಳ, ಕೆಲಸಗಳ ಪಟ್ಟಿಗೆ ನಿಯಂತ್ರಿತ ಪದಕೋಶ ಎನ್ನುತ್ತಾರೆ. ಕೇಳಿದರೆ ಪೊಲೀಸ್ ಬಂದೋಬಸ್ತಿನಲ್ಲಿಟ್ಟ ನಿಘಂಟಿನಂತೆ ಅನ್ನಿಸುತ್ತದೆ. ಆದರೆ ಅದರ ಹಿಂದಿನ ಯೋಚನೆ ಕರುಣೆಯದು. ಒಬ್ಬಳೇ ಹಾಡುಗಾರ್ತಿಯನ್ನು ಒಬ್ಬರು ಯಲ್ಲವ್ವ ಎಂದು, ಇನ್ನೊಬ್ಬರು ಎಲ್ಲಮ್ಮ ಎಂದು, ಮತ್ತೊಬ್ಬರು ಬರೀ ಇನಿಶಿಯಲ್ ಹಾಕಿ ಬರೆದರೆ ಅವಳು ಒಡೆದು ಮೂವರಾಗುತ್ತಾಳೆ. ಅವಳನ್ನು ಹುಡುಕಿಕೊಂಡು ಬಂದವರು ಒಂದು ಚೂರು ಕೇಳಿ, ಇಷ್ಟೇ ಹಾಡಿದ್ದಳು ಎಂದುಕೊಂಡು ಹೊರಟುಹೋಗುತ್ತಾರೆ. ಒಡೆದವರನ್ನು ಕೂಡಿಸುವುದು ಪುಣ್ಯದ ಕೆಲಸ ಎಂದು ನಾನು ನಂಬಿದ್ದೆ. ದೇವರನ್ನೇ ನೋಡಿ: ಸಾವಿರ ಹೆಸರಿದ್ದರೂ ಯಾವುದರಿಂದ ಕರೆದರೂ ಓ ಎನ್ನುತ್ತಾನಂತೆ. ಅಂಥ ಕ್ಯಾಟಲಾಗು ಮನುಷ್ಯರಿಂದ ಸಾಧ್ಯವೇ! ಆದರೆ ಅವನಿಗೊಂದು ಅನುಕೂಲವಿದೆ, ಅವನು ಒಬ್ಬನೇ. ನಮ್ಮ ಕಡೆ ಹೆಸರು ಒಂದು, ಮಂದಿ ಹಲವರು.

ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿದ್ದೆ. ಗೋವಿನಜೋಳದ ರಾಶಿಯ ಮುಂದೆ ನಿಂತ ಗಂಡಸರದೊಂದು ಹಳೆಯ ಫೋಟೊ ನಮ್ಮಲ್ಲಿತ್ತು, ಅವರ ಹೆಸರು ಸೇರಿಸಬೇಕಿತ್ತು. ಅಲ್ಲಿಯ ಹಿರಿಯರೊಬ್ಬರಿಗೆ ಒಬ್ಬೊಬ್ಬರನ್ನೇ ತೋರಿಸಿ ಕೇಳಿದೆ. ತೆನ್ಜಿನ್ ಎಂದರು. ಪಕ್ಕದವರು? ತೆನ್ಜಿನ್. ಹಿಂದೆ ಟೋಪಿ ಹಾಕಿದವರು? ಅವರೂ ತೆನ್ಜಿನ್. ಅಡ್ಡಹೆಸರು ಏನಾದರೂ ಎಂದು ಕೇಳಿದರೆ ಅವರು ಬಹಳ ಮರ್ಯಾದೆಯಿಂದ, "ಅಡ್ಡಹೆಸರ ಇಲ್ರಿ. ಕ್ಯಾಂಪ್ ನಂಬರ್ ಐತಿ" ಎಂದರು. ನಮ್ಮ ಪದಕೋಶಕ್ಕೆ ಮೊದಲು ಅಡ್ಡಹೆಸರು ಬೇಕು, ಆಮೇಲೆ ಅಲ್ಪವಿರಾಮ, ಆಮೇಲೆ ಮನುಷ್ಯ. ಆ ಫೋಟೊ ಇನ್ನೂ ನನ್ನ ಬಾಕಿ ಕೆಲಸಗಳಲ್ಲಿದೆ.

ಊರುಗಳಾದರೂ ಮನುಷ್ಯರಿಗಿಂತ ಒಂದು ಕಡೆ ನಿಲ್ಲುತ್ತವೆ ಎಂದುಕೊಂಡಿದ್ದೆ. ಜೊಯಿಡಾಕ್ಕೆ ಹೋದರೆ ಒಂದು ಕಚೇರಿಯ ಬಾಗಿಲ ಮೇಲೆ ಜೊಯಿಡಾ, ಎದುರಿನ ಅಂಗಡಿಯ ಮೇಲೆ ಜೋಯಿಡಾ, ಅಂಗಡಿಕಾರನ ಬಿಲ್ಲಿನ ಮೇಲೆ ಜೋಯ್ಡಾ. ಇದನ್ನು ಸಹಿಸಬಹುದು. ಆದರೆ ಈ ತಾಲ್ಲೂಕಿಗೆ ಒಂದು ಕಾಲಕ್ಕೆ ಸೂಪಾ ಎಂದೇ ಹೆಸರು. ಅಣೆಕಟ್ಟು ಕಟ್ಟಿದ ಮೇಲೆ ಆ ಊರು ಕಾಳಿ ನದಿಯ ನೀರಿನಡಿ ಹೋಯಿತು. ನಮ್ಮ ಪದಕೋಶದಲ್ಲಿ ಸೂಪಾ ಎಂದು ಒತ್ತಿದರೆ 'ಜೊಯಿಡಾ ನೋಡಿ' ಎನ್ನುತ್ತದೆ. ಮುಳುಗಿದ ಊರಿನ ಅಜ್ಜನೊಬ್ಬ ತನ್ನ ಕಾಲದ ಪೇಟೆಯ ಫೋಟೊ ಇದ್ದರೆ ತೋರಿಸಿ ಎಂದು ಬಂದಾಗ ಪರದೆಯ ಮೇಲೆ ಈ ಸಾಲು ಮೂಡಿತು. ಅವನು ನಿಧಾನಕ್ಕೆ ಓದಿ, "ಜೊಯಿಡಾ ದಿನಾ ನೋಡ್ತೇನ್ರಿ ಬಾಯಾರ. ಅದರಾಗ ಸೂಪಾ ಎಲ್ಲೈತಿ?" ಎಂದು ಎದ್ದುಹೋದ.

ನಾನೂ ಈ ಗೋಳಿನಿಂದ ಹೊರಗಿನವಳಲ್ಲ. ದಾಂಡೇಲಿಯ ಶಾಲೆಯಲ್ಲಿ ನಾನು ನೀಲವ್ವ. ಕಾಗದ ಕಾರ್ಖಾನೆಯ ಕೆಲಸಕ್ಕೆಂದು ಧಾರವಾಡ ಕಡೆಯಿಂದ ಬಂದ ನನ್ನಪ್ಪನಿಗೆ ಆ ಹೆಸರಿನ ಮೇಲೆ ಬಹಳ ಪ್ರೀತಿ. ಕಾಲೇಜಿನಲ್ಲಿ ವ್ವ ಕಳಚಿ ನೀಲಾ ಆದೆ. ಮದುವೆಯ ದಿನ ಅತ್ತೆಯವರು ತಟ್ಟೆಯಲ್ಲಿ ಅಕ್ಕಿ ಹರವಿ ಅದರ ಮೇಲೆ ಉಂಗುರದಿಂದ ಹೊಸ ಹೆಸರು ಬರೆಸಿದರು. ಅಕ್ಕಿಯನ್ನು ಮರುದಿನ ಬೇಯಿಸಿಬಿಟ್ಟರು, ಹೆಸರು ಉಳಿಯಿತು. ನನ್ನ ಹಳೆಯ ಲೇಖನವೊಂದನ್ನು ನಮ್ಮದೇ ಕ್ಯಾಟಲಾಗಿನಲ್ಲಿ ಹುಡುಕಿ ಸಿಗದೆ ಸುಮ್ಮನಾದವಳು ನಾನು.

ಇಷ್ಟಾದರೂ ಇವೆಲ್ಲ ನಗುವ ಸಂಗತಿಗಳೇ. ಚಹಾ ಕುಡಿಯುತ್ತ ಹೇಳಿಕೊಳ್ಳಬಹುದು. ಹೇಳಿಕೊಳ್ಳಲಾಗದ್ದು ಫಿಲೋಮಿನಾ ಬಂದ ಮೇಲೆ ಆಯಿತು.

ಹಳಿಯಾಳದ ಸುತ್ತಿನ ಕಾಡಿನ ಊರುಗಳಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದಿದ್ದರು, ಗೋವೆಯ ಕಡೆಯಿಂದ ತಪ್ಪಿಸಿಕೊಂಡು ಬಂದವರು ಈ ಕಾಡು ಸೇರಿದರು ಎನ್ನುತ್ತಾರೆ. ಹೊರಟಾಗ ಅವರಿಗಿದ್ದ ಹೆಸರುಗಳು ಯಾವ ಪದಕೋಶದಲ್ಲೂ ಉಳಿದಿಲ್ಲ. ಆಮೇಲೆ ಪಾದ್ರಿ ಕೊಟ್ಟ ಹೆಸರು, ಒಡೆಯ ಕೂಗಿದ ಹೆಸರು, ಶಾಲೆಯ ಮಾಸ್ತರರಿಗೆ ಕೇಳಿಸಿದ ಹೆಸರು. ಸೆಬಾಸ್ಟಿಯನ್ ಎನ್ನುವವನು ಬಸ್ತ್ಯಾಂವ್ ಆದ, ಇಗ್ನೇಶಿಯಸ್ ಎನ್ನುವವನು ಇನಾಸ ಆದ. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಎಲ್ಲರಿಗೂ ಅಡ್ಡಹೆಸರು ಸಿದ್ದಿ. ಮಾರಿಯಾ ಎಂಬ ಹೆಂಗಸರಂತೂ ಊರಿಗೊಬ್ಬರಾದರೂ ಇದ್ದಾರೆ. ಕ್ಯಾಟಲಾಗಿನಲ್ಲಿ ಅವರೆಲ್ಲ 'ಸಿದ್ದಿ, ಮಾರಿಯಾ'. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಲು ಹುಟ್ಟಿದ ವರ್ಷ ಬರೆಯಿರಿ ಎನ್ನುತ್ತದೆ ನಿಯಮ. ಹೋಗಿ ಕೇಳಿದರೆ, "ದೊಡ್ಡ ಮಳಿ ಬಂದಿತ್ತಲ್ರಿ, ಆವಾಗ" ಎನ್ನುತ್ತಾರೆ. ಆ ಕಾಡಿನಲ್ಲಿ ಸಣ್ಣ ಮಳೆ ಯಾವಾಗ ಬಂದಿದೆ?

ಫಿಲೋಮಿನಾ ಮೊದಲ ಸಲ ನಮ್ಮ ಮೆಟ್ಟಿಲು ಹತ್ತಿ ಬಂದದ್ದು ಒಂದು ಸಂತೆಯ ದಿನ. ನಲವತ್ತು ದಾಟಿದ ಗಟ್ಟಿ ಹೆಂಗಸು, ದಾಂಡೇಲಿಯ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಎಲ್ಲರೂ ಅವಳನ್ನು ಫಿಲು ಎನ್ನುತ್ತಾರೆ. ಕೈಚೀಲವನ್ನು ಕಾಲ ಬಳಿ ಇಟ್ಟು ಬಾಗಿಲಲ್ಲೇ ನಿಂತು ಕೇಳಿದಳು.

"ಅಕ್ಕೋರ, ಹಳೇ ಹಾಡು ಕೇಳಸ್ತಾರಂತಲ್ಲ, ಇಲ್ಲೇ ಏನ್ರಿ?"

"ಇಲ್ಲೇ. ಒಳಗ ಬಾ. ಯಾರ ಹಾಡು ಬೇಕಿತ್ತು?"

"ನಮ್ಮವ್ವಂದ್ರಿ. ನಾ ಸಣ್ಣಾಕಿ ಇದ್ದಾಗ ಒಬ್ಬರು ಟೇಪ್ ಮಷಿನ್ ತಗೊಂಡು ನಮ್ಮೂರಿಗೆ ಬಂದಿದ್ರು. ಅಂಗಳದಾಗ ಹೆಂಗಸರನ್ನ ಕೂಡ್ಸಿ ದಿನಾಪೂರ್ತಿ ಹಾಡಿಸಿದ್ರು. ನಮ್ಮವ್ವನೂ ಇದ್ಲು."

ತಾಯಿಯ ಹೆಸರು ಮಾರಿಯಾ. ಕೆಲವು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿದ್ದವು. ಮಾತು ಪೂರಾ ನಿಂತಿತ್ತು. ಹಾಡು ಕೇಳಿಸಿದರೆ ಮಾತು ಬರಬಹುದು ಎಂದು ಡಾಕ್ಟರು ಹೇಳಿದರೇ ಎಂದು ಕೇಳಿದೆ. ಫಿಲು ತಲೆಯಾಡಿಸಿದಳು.

"ಡಾಕ್ಟರ್ ಏನೂ ಹೇಳಿಲ್ರಿ. ನನಗ ಬೇಕಾಗೇತಿ. ಅಕಿ ಕಣ್ಣ ಮುಂದ ಮಲಗ್ಯಾಳ, ಉಣ್ತಾಳ, ನೋಡ್ತಾಳ. ಆದ್ರ ಅಕಿ ದನಿ ಹೆಂಗಿತ್ತು ಅನ್ನೂದು ನನಗ ಮರೀಲಿಕ್ಕೆ ಹತ್ತೈತ್ರಿ ಅಕ್ಕೋರ. ಬದುಕಿದ್ದಾಕಿ ದನಿ ಹೆಂಗ ಮರೀತೈತ್ರಿ?"

ನಾನು ಕಂಪ್ಯೂಟರಿನ ಕಡೆ ತಿರುಗಿ 'ಸಿದ್ದಿ, ಮಾರಿಯಾ' ಎಂದು ಒತ್ತಿದೆ. ಸಾಲುಸಾಲಾಗಿ ಹಾಡುಗಳು ಬಂದವು. ಎಲ್ಲವೂ ಒಬ್ಬಳದೇ ಎಂಬಂತೆ ಒಂದೇ ಹೆಸರಿನ ಕೆಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಫಿಲುವಿನ ಮುಖ ಅರಳಿತು. ಕಿವಿಗೆ ಹಾಕಿಕೊಳ್ಳಲು ಹೆಡ್‌ಫೋನು ಕೊಟ್ಟೆ. ಮೊದಲನೆಯದನ್ನು ಕೇಳಿ, "ಇಕಿ ಅಲ್ರಿ" ಎಂದಳು. ಎರಡನೆಯದನ್ನು ಕೇಳಿ, "ಇಕಿ ಯಾರೋ ಮುಂಡಗೋಡ ಕಡೆಯಾಕಿ, ಮಾತಿನ್ಯಾಗ ಗೊತ್ತಾಗ್ತೈತಿ" ಎಂದಳು. ಮತ್ತೊಂದು ಕಂಠ ತೀರಾ ಎಳೆಯದು, ಇನ್ನೊಂದು ಹಲ್ಲಿಲ್ಲದ ಮುದುಕಿಯದು. ನಾಲ್ವರು ಬೇರೆ ಬೇರೆ ಹೆಂಗಸರು. ನಾವು ಬೇರೆ ಬೇರೆಯಾಗಿಯೇ ಕಳಿಸಿದ್ದೆವು. ನಾವು ಕಳಿಸಿದ್ದನ್ನೆಲ್ಲ ಕ್ಯಾಟಲಾಗಿಗೆ ಸೇರಿಸುವ ಕೇಂದ್ರ ಕಚೇರಿಯ ಯಂತ್ರ, ಹೆಸರು ಒಂದೇ ಎಂದು ಕಂಡು ಅವರನ್ನು ಒಬ್ಬಳನ್ನಾಗಿ ಮಾಡಿತ್ತು. ಒಡೆದವರನ್ನು ಕೂಡಿಸುವ ಪುಣ್ಯವನ್ನು ಯಂತ್ರಕ್ಕೆ ಕಲಿಸಿದರೆ ಅದು ಒಡೆಯದವರನ್ನೂ ಬಿಡುವುದಿಲ್ಲ.

ಅವರ ಪೈಕಿ ಫಿಲುವಿನ ತಾಯಿ ಮಾತ್ರ ಇರಲಿಲ್ಲ.

ಮೇರಿ, ಮರಿಯಾ, ಮರಿಯವ್ವ, ಮಾರ್ಯಾಬಾಯಿ ಎಂದೆಲ್ಲ ಹುಡುಕಿದೆ. ಇಲ್ಲ. ಗಂಡನ ಹೆಸರು ಸೇರಿಸಿ ಹುಡುಕಿದೆ. ಇಲ್ಲ. ಫಿಲುಗೆ ಹಾಸ್ಟೆಲಿನ ಸಂಜೆಯ ಅಡುಗೆಗೆ ಹೊತ್ತಾಯಿತು. ಹೋಗುವಾಗ, "ಐತ್ರಿ, ಎಲ್ಯಾರ ಇರ್ತೈತಿ, ಮತ್ತ ಬರ್ತೇನಿ" ಎಂದು ತಾನೇ ನನಗೆ ಸಮಾಧಾನ ಹೇಳಿದಳು.

ರಜೆ ಸಿಕ್ಕಾಗಲೆಲ್ಲ ಅವಳು ಬಂದಳು. ಕೊನೆಗೊಂದು ದಿನ ನಾನು ಹೆಸರಿನ ಆಸೆಯನ್ನೇ ಬಿಟ್ಟೆ. ಅವಳ ಊರಿನಲ್ಲಿ ಧ್ವನಿಮುದ್ರಿಸಿದ್ದನ್ನೆಲ್ಲ, ಯಾರದೇ ಆಗಿರಲಿ, ಕೇಳುವುದು ಎಂದು ನಿರ್ಧರಿಸಿದೆವು. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದರ ಕಾಗುಣಿತದ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ. ಇಬ್ಬರೂ ಒಂದೊಂದು ಹೆಡ್‌ಫೋನು ಹಾಕಿಕೊಂಡು ಹಾಡಿನ ಮೇಲೆ ಹಾಡು ಕೇಳುತ್ತ ಕೂತೆವು. ನತಾಲಾ ಎಂಬವಳ ಹೆಸರಿನಲ್ಲಿ ಒಂದು ತಮಾಷೆಯ ಹಾಡಿತ್ತು. ಬೇಟೆಗೆ ಹೋದ ಗಂಡ ಬರಿಗೈಯಲ್ಲಿ ಬಂದು ಹೆಂಡತಿಗೆ ಸುಳ್ಳು ಹೇಳುವ ಹಾಡು, ಅರ್ಧ ಕೊಂಕಣಿ, ಅರ್ಧ ಕನ್ನಡ. ನತಾಲಾಳದು ಸೊಗಸಾದ, ಸ್ವಲ್ಪ ಗೊಗ್ಗರು ಕಂಠ. ಗಂಡ ಎರಡನೆಯ ಸುಳ್ಳು ಹೇಳುವ ಹೊತ್ತಿಗೆ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ತಡೆದುಕೊಂಡರು. ತಡೆಯಲಾಗದೆ ಜೋರಾಗಿಯೇ ನಕ್ಕರು. ನತಾಲಾ ಹಾಡು ನಿಲ್ಲಿಸಿ ಗದರಿದಳು:

"ಏ ಮರಿ, ನಗಬ್ಯಾಡ ಬೇ! ಮಷಿನ್ ಚಾಲೂ ಐತಿ."

ಆ ನಗುವಿನ ನಡುವೆಯೇ ಉತ್ತರ ಬಂತು: "ಚಾಲೂ ಇದ್ರ ಇರವಲ್ದ್ಯಾಕ. ಅದೂ ಒಂದೀಟ ನಗಲಿ!"

ಫಿಲು ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. "ಇದ ರೀ" ಎಂದಳು ಆಮೇಲೆ. "ಇದ ನಮ್ಮವ್ವ."

ಹಾಡು ಮುಂದುವರಿದು ಮುಗಿಯಿತು. ಮತ್ತೆಲ್ಲೂ ಆ ದನಿ ಇರಲಿಲ್ಲ. ಉಳಿದದ್ದನ್ನೆಲ್ಲ ಕೇಳಿ ಮುಗಿಸಿದ ಮೇಲೆ ಫಿಲು ಅಂದಳು, "ಅವ್ವ ಹಾಡ್ತಿದ್ಲು ಅಂತ ನಾ ಇಷ್ಟ ದಿನಾ ಅನ್ಕೊಂಡಿದ್ದೆ. ಅಕಿ ಬರೇ ನಕ್ಕಾಳ ನೋಡ್ರಿ." ದುಃಖದಲ್ಲಿ ಹೇಳಿದಳೋ ಹೆಮ್ಮೆಯಲ್ಲಿ ಹೇಳಿದಳೋ ನನಗೆ ತಿಳಿಯಲಿಲ್ಲ. ಅವಳ ಫೋನಿಗೆ ಆ ಹಾಡನ್ನು ಹಾಕಿಕೊಟ್ಟೆ. "ನೀವೂ ಬರ್ರಿ, ನೀವ ಹುಡುಕಿ ಕೊಟ್ಟಿದ್ದು" ಎಂದಳು. ಮುಂದಿನ ಭಾನುವಾರ ಅವಳ ಜೊತೆ ಹೊರಟೆ.

ಮನೆಯ ಮುಂದಿನ ಕಟ್ಟೆಯ ಮೇಲೆ ಹೊರಸು ಹಾಕಿ ಮಾರಿಯಾಳನ್ನು ಮಲಗಿಸಿದ್ದರು. ಸಣ್ಣ ಮೈ, ಬಿಳಿ ಗುಂಗುರು ಕೂದಲು. ಮುಖದ ಒಂದು ಬದಿ ಜಾರಿತ್ತು, ಇನ್ನೊಂದು ಬದಿ ಮಾತ್ರ ಈಗಲೂ ಏನೋ ಹೇಳಲು ತಯಾರಾಗಿದ್ದಂತಿತ್ತು. ಫಿಲು ಪಕ್ಕದಲ್ಲಿ ಕೂತು ಫೋನನ್ನು ತಾಯಿಯ ಕಿವಿಯ ಬಳಿ ಹಿಡಿದಳು. "ಅವ್ವ, ಕೇಳ್, ನೀನಾ ಇದ್ದಿ ಇದರಾಗ."

ಹಾಡು ಶುರುವಾಯಿತು. ಮಾರಿಯಾ ಕಣ್ಣು ಮುಚ್ಚಿದಳು. ನತಾಲಾಳ ಮೊದಲ ಸಾಲು ಮುಗಿಯುವುದರೊಳಗೆ ಮುಚ್ಚಿದ ಕಣ್ಣುಗಳಿಂದ ನೀರು ಕಿವಿಯ ಕಡೆ ಇಳಿಯತೊಡಗಿತು. ನಗು ಬರುವ ಜಾಗಕ್ಕೆ ನಾವಿಬ್ಬರೂ ಕಾದೆವು. ನಗು ಬಂತು, ಹೋಯಿತು. ಮಾರಿಯಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. ತನ್ನ ದನಿಯನ್ನು ಅವಳು ಗುರುತಿಸಿದಳೋ ಇಲ್ಲವೋ ದೇವರಿಗೇ ಗೊತ್ತು. ಮತ್ತೆ ನತಾಲಾ ಹಾಡತೊಡಗಿದಾಗ ಎಡಗೈ ಎತ್ತಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ನತಾಲಾ ಮಾವಶಿ ಹೋಗಿ ಬಾಳ ವರ್ಷ ಆತ್ರಿ" ಎಂದಳು ಫಿಲು ಮೆಲ್ಲಗೆ. "ಇಬ್ಬರೂ ಕೂಡೇ ಕಟಿಗಿಗೆ ಹೋಗ್ತಿದ್ರು."

ಹಾಡು ಮುಗಿದಾಗ ಮಾರಿಯಾ ಬೆರಳಾಡಿಸಿ ಇನ್ನೊಮ್ಮೆ ಎಂದು ಸನ್ನೆ ಮಾಡಿದಳು. ಫೋನಿನ ಬ್ಯಾಟರಿ ಮುಗಿಯುವವರೆಗೂ ಹಾಕಿದೆವು. ಮಗಳು ತಾಯಿಯ ದನಿಗಾಗಿ ಕೇಳುತ್ತಿದ್ದಳು, ತಾಯಿ ಗೆಳತಿಯ ದನಿಗಾಗಿ. ಮಾತು ಬರಲಿಲ್ಲ. ಬರುತ್ತದೆ ಎಂದು ಯಾರೂ ಹೇಳಿರಲೂ ಇಲ್ಲ. ಆದರೂ ನಾನು, ಇಷ್ಟು ವಯಸ್ಸಾದವಳು, ಒಳಗೊಳಗೇ ಕಾದಿದ್ದೆ.

ಸೋಮವಾರ ಕೆಲಸಕ್ಕೆ ಬಂದವಳೇ ಮಾಡಿದ ಮೊದಲ ಕೆಲಸವೆಂದರೆ ಆ ಹಾಡಿನ ವಿವರದಲ್ಲಿ ಮಾರಿಯಾಳ ಹೆಸರು ಸೇರಿಸಲು ಹೊರಟದ್ದು. ಅದು ಸೇರಲೊಲ್ಲದು. ಕೇಂದ್ರ ಕಚೇರಿಯ ಸಂಯೋಜಕರಿಗೆ ಫೋನು ಮಾಡಿದೆ. ಬೆಂಗಳೂರು ಕಡೆಯ ಹುಡುಗ, ಬಹಳ ಸೌಮ್ಯ ಮಾತು, ನಾನು ಎಷ್ಟು ಸಲ ಕಾಡಿದರೂ ಬೇಸರಿಸಿಕೊಂಡವನಲ್ಲ.

"ಮೇಡಂ, ಹೆಸರು ಸೇರಿಸ್ಬೇಕು ಅಂದ್ರೆ ಪಾತ್ರ ಹೇಳ್ಬೇಕು. ಇವರು ಗಾಯಕಿನಾ, ವಾದಕಿನಾ, ನಿರೂಪಕಿನಾ?"

"ಯಾವುದೂ ಅಲ್ಲ. ಅವರು ನಕ್ಕವರು."

ಆ ಕಡೆ ಕೀಲಿಮಣೆ ಒತ್ತಿ ಹುಡುಕುವ ಸದ್ದು ಕೇಳಿಸಿತು. "ಮೇಡಂ, ಪದಕೋಶದಲ್ಲಿ ಆ ಪಾತ್ರ ಇಲ್ಲ. ನಗು ಅಂದ್ರೆ... ಅದು ಹಿನ್ನೆಲೆ ಸದ್ದಿನಲ್ಲಿ ಬರುತ್ತೆ."

"ಹಿನ್ನೆಲೆ ಸದ್ದಿಗೆ ಹೆಸರು ಹಾಕಬಹುದೇ?"

"ಸದ್ದಿಗೆ ಹೆಸರು ಹೇಗೆ ಹಾಕೋದು ಮೇಡಂ? ನಾಳೆ ನಾಯಿ ಬೊಗಳಿದ್ದಕ್ಕೂ ಹಾಕ್ಬೇಕಾಗುತ್ತೆ." ಹೇಳಿದ ಮೇಲೆ ಅವನಿಗೇ ಕೆಡುಕೆನಿಸಿರಬೇಕು. "ಗಾಯಕಿ ಅಂತಲೇ ಹಾಕಿಬಿಡೋಣ್ವಾ? ಯಾರಿಗೂ ತೊಂದ್ರೆ ಇಲ್ಲ."

ಅದು ಸುಳ್ಳಾಗುತ್ತದೆ, ಬೇಡ ಎಂದೆ. ಪಾತ್ರಗಳ ಪಟ್ಟಿಗೆ ಹೊಸ ಪದ ಸೇರಿಸಲು ಕ್ರಮವಾಗಿ ಮನವಿ ಬರೆದು ಕಳಿಸಿದೆ. ಪದದ ಅಗತ್ಯವನ್ನು ವಿವರಿಸಿ ಎಂಬ ಜಾಗದಲ್ಲಿ ಏನು ಬರೆಯುವುದೆಂದು ಅರ್ಧ ದಿನ ಯೋಚಿಸಿದೆ. ಕೂಟದಲ್ಲಿ ಹಾಡುವವಳು ಹಾಡುವುದು ನಗುವವಳಿಗಾಗಿ ಎಂದು ಬರೆದೆ. ಸಮಿತಿಯ ಮುಂದೆ ಇಡುತ್ತೇವೆ ಎಂದು ಉತ್ತರ ಬಂತು. ಸಮಿತಿ ಇನ್ನೂ ಕೂಡಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಮಾರಿಯಾ ತೀರಿಕೊಂಡಳು. ಫಿಲು ಫೋನು ಮಾಡಿ, "ಹೋದ್ಲ್ರಿ ಅಕ್ಕೋರ" ಎಂದಷ್ಟೇ ಹೇಳಿದಳು. ಕೆರೆಯಂತಾದ ರಸ್ತೆಯಲ್ಲಿ ಆ ದಿನ ಗಾಡಿ ಹೋಗುವಂತಿರಲಿಲ್ಲ, ನನಗೆ ಮಣ್ಣಿಗೆ ಹೋಗಲಾಗಲಿಲ್ಲ. ನಮ್ಮ ಸಂಯೋಜಕ ಯಾವುದೋ ಬೇರೆ ಕೆಲಸಕ್ಕೆ ಕರೆ ಮಾಡಿದಾಗ ವಿಷಯ ತಿಳಿಸಿದೆ. ಅವನು ನಿಜವಾಗಿಯೂ ನೊಂದುಕೊಂಡ. ಆ ನೋವಿನಲ್ಲಿ, ನನಗೆ ಉಪಕಾರ ಮಾಡಬೇಕೆಂದು, ನಾನು ಬೇಡವೆಂದದ್ದನ್ನು ಮರೆತು, ನತಾಲಾಳ ಹಾಡಿಗೆ 'ಗಾಯಕಿ: ಸಿದ್ದಿ, ಮಾರಿಯಾ' ಎಂದು ಸೇರಿಸಿದ. ಮರಣದ ವರ್ಷವನ್ನೂ ಹಾಕಿದ.

ಯಂತ್ರಕ್ಕೆ ಇಷ್ಟು ಸಾಕಾಯಿತು. ಇದೇ ಹೆಸರಿನ ಹಳೆಯ ದಾಖಲೆಯೊಂದಿಗೆ ಇದನ್ನೂ ಕೂಡಿಸಿತು. ನಮ್ಮ ಯಾವ ಟೇಪಿನಲ್ಲೂ ಒಂದು ಸಾಲು ಹಾಡದ ಮಾರಿಯಾ ಬೇರೆ ನಾಲ್ವರ ಹಾಡುಗಳಿಗೂ ಒಡತಿಯಾಗಿ ನಾಲ್ಕು ತಾಲ್ಲೂಕುಗಳ ಹಿರಿಯ ಗಾಯಕಿಯಾದಳು. ಅವಳ ಜನಪದ ಗೀತೆಗಳ ಮೇಲೆ ಯಾರಾದರೂ ಪ್ರಬಂಧ ಬರೆದರೂ ಆಶ್ಚರ್ಯವಿಲ್ಲ. ಉಳಿದ ನಾಲ್ವರು ಅವಳ ಜೊತೆಯಲ್ಲೇ ಸತ್ತರು.

ಅವರಲ್ಲೊಬ್ಬಳು ಸತ್ತಿರಲಿಲ್ಲ. ಮುಂಡಗೋಡದ ಕಡೆಯಿಂದ ಅವಳ ಮೊಮ್ಮಗ ಫೋನು ಮಾಡಿದ. "ಬಾಯಾರ, ನಮ್ಮಜ್ಜಿ ಸತ್ತಾಳಂತ ನೆಟ್ಟಿನ್ಯಾಗ ಬರದೀರಲ್ಲ, ಅಕಿ ಇಲ್ಲೇ ಕುಂತು ರೊಟ್ಟಿ ಬಡೀಲಿಕ್ಕೆ ಹತ್ಯಾಳ. ಅಕಿಗೆ ಏನಂತ ಹೇಳ್ಲಿ?" ಹಿಂದೆ ಟಪಟಪ ಸದ್ದು ನನಗೂ ಕೇಳಿಸುತ್ತಿತ್ತು. ಕ್ಷಮೆ ಕೇಳಿದೆ, ಕೂಡಲೇ ಸರಿಪಡಿಸುತ್ತೇವೆ ಎಂದೆ. ಕೂಡಲೇ ಮಾಡಬಹುದಾಗಿದ್ದುದು ಒಂದೇ: ಮರಣದ ವರ್ಷ ಅಳಿಸುವುದು. ಕೂಡಿದ ದಾಖಲೆಗಳನ್ನು ಬಿಡಿಸುವ ಅಧಿಕಾರ ನಮಗಿಲ್ಲ, ಅದಕ್ಕೂ ಸಮಿತಿಯೇ ಕೂಡಬೇಕು. ವರ್ಷ ಅಳಿಸಿದೆವು. ಮುಂಡಗೋಡದ ಅಜ್ಜಿ ಬದುಕಿದಳು. ಅವಳೊಂದಿಗೆ ಸತ್ತ ಮಾರಿಯಾಳೂ ಬದುಕಿದಳು.

ಇಲ್ಲಿಗೆ ಮುಗಿದಿದ್ದರೆ ಇದನ್ನೂ ಚಹಾದ ಕತೆಗಳಿಗೆ ಸೇರಿಸಿಬಿಡುತ್ತಿದ್ದೆ. ಒಂದು ದಿನ ಫಿಲು ಹಾಸ್ಟೆಲಿನಿಂದ ಫೋನು ಮಾಡಿದಳು. ಅಲ್ಲಿಯ ಹುಡುಗಿಯರಿಗೆ ತಾಯಿಯ ದನಿ ಕೇಳಿಸಬೇಕೆಂದು ಅವರ ಫೋನಿನಲ್ಲಿ ನಮ್ಮ ಗ್ರಂಥಾಲಯವನ್ನೇ ತೆಗೆಸಿದ್ದಳು. ತಾಯಿಯ ಹೆಸರು ಹೇಳಿದ ತಕ್ಷಣ ಹಾಡು ಬಂದಿತ್ತು. ಅದೇ ಹಾಡು. "ಅಕ್ಕೋರ, ನಗು ಎಲ್ಲಿ ಹೋತ್ರಿ?"

ನಾನು ಹಾಕಿ ಕೇಳಿದೆ. ನತಾಲಾಳ ಕಂಠ ಮೊದಲಿಗಿಂತ ಸ್ವಚ್ಛವಾಗಿತ್ತು. ಕೋಳಿಯ ಕೂಗಿಲ್ಲ, ಕೆಮ್ಮಿಲ್ಲ, ಗಾಳಿಯ ಸದ್ದಿಲ್ಲ. ಗಂಡ ಎರಡನೆಯ ಸುಳ್ಳು ಹೇಳಿದ, ಯಾರೂ ನಗಲಿಲ್ಲ, ಯಾರೂ ಗದರಲಿಲ್ಲ, ಮೂರನೆಯದಕ್ಕೆ ಹೋದ. ಕೇಂದ್ರ ಕಚೇರಿಯವರು ಎಲ್ಲ ಧ್ವನಿಮುದ್ರಣಗಳಿಂದಲೂ ಹಿನ್ನೆಲೆ ಸದ್ದನ್ನೂ ಹಾಡಿನ ನಡುವಿನ ಮಾತನ್ನೂ ತೆಗೆಸಿದ್ದರು, ಕೇಳುವವರಿಗೆ ಅನುಕೂಲವಾಗಲಿ ಎಂದು. ಮೊದಲು ಹೆಸರಿಲ್ಲದೆ ಮಾರಿಯಾ ಇದ್ದಳು. ಈಗ ಮಾರಿಯಾ ಇಲ್ಲದೆ ಹೆಸರಿತ್ತು.

ಹಳೆಯ ಪ್ರತಿ ನನ್ನ ಕಂಪ್ಯೂಟರಿನಲ್ಲಿದೆ, ಫಿಲುವಿನ ಫೋನಿನಲ್ಲಿದೆ. ಆದರೆ ನನ್ನಲ್ಲಿದೆ ಎಂದರೆ ಗ್ರಂಥಾಲಯದಲ್ಲಿ ಇಲ್ಲ ಎಂದೇ ಅರ್ಥ. ನಾಳೆ ನಾನು ಇಲ್ಲವಾದರೆ, ಅವಳ ಫೋನು ಕೆಟ್ಟರೆ, ಹುಡುಕುವವರಿಗೆ ಸಿಗುವುದು ಆ ಸ್ವಚ್ಛವಾದ ಹಾಡೊಂದೇ. ಹೆಸರುಗಳನ್ನು ಸರಿಮಾಡುತ್ತ ಆಯುಷ್ಯ ಕಳೆದವಳು ನಾನು. ಹೆಸರು ಸರಿಯಾಗುವುದಕ್ಕೂ ಮನುಷ್ಯ ಸಿಗುವುದಕ್ಕೂ ಸಂಬಂಧವಿದೆ ಎಂಬ ನಂಬಿಕೆಯ ಮೇಲೆಯೇ ಆ ಆಯುಷ್ಯ ನಿಂತಿತ್ತು. ಅಂದಿನಿಂದ ಕಂಪ್ಯೂಟರಿನ ಮುಂದೆ ಕೂತರೆ ಕೈ ಮುಂದಕ್ಕೆ ಹೋಗುವುದಿಲ್ಲ. ಪೆಟ್ಟಿಗೆಯಿಂದ ಇನ್ನೊಂದು ಕ್ಯಾಸೆಟ್ಟು ತೆಗೆದು, ಅದರ ಮೇಲೆ ಮಾಸಿದ ಶಾಯಿಯಲ್ಲಿ ಬರೆದ ಯಾರದೋ ಹೆಸರು ಓದಿ, ಇದರ ಹಿಂದೆ ಯಾರೆಲ್ಲ ಕೂತು ನಕ್ಕಿದ್ದಾರೋ ಎಂದುಕೊಂಡು ಮತ್ತೆ ಒಳಗಿಡುತ್ತೇನೆ.

ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಫಿಲು ತಾಯಿಯ ಹೆಸರಿನಲ್ಲಿ ಚರ್ಚಿನಲ್ಲಿ ಪೂಜೆ ಇಡಿಸಿದ್ದಳು. ನಾನೂ ಹೋದೆ. ಇಗರ್ಜಿಯ ಹಿಂದಿನ ಇಳಿಜಾರಿನಲ್ಲಿ ಗೋರಿಗಳು. ಮಾರಿಯಾಳ ಮಣ್ಣು ಇನ್ನೂ ಹಸಿಯಾಗಿಯೇ ಇತ್ತು, ತಲೆಯ ಕಡೆ ಹೊಸ ಮರದ ಶಿಲುಬೆ ನೆಟ್ಟಿದ್ದರು. ಪೇಂಟರನು ಅದರ ಮೇಲೆ ಬಿಳಿ ಬಣ್ಣದಲ್ಲಿ 'ಮರಿಯ ಸಿದ್ಧಿ' ಎಂದು ಬರೆದಿದ್ದ. ಮೊದಲ ಅಕ್ಷರಕ್ಕೆ ದೀರ್ಘವಿಲ್ಲ, ಕೊನೆಯದಕ್ಕೂ ಇಲ್ಲ, ಸಿದ್ದಿಗೆ ಇಲ್ಲದ ಮಹಾಪ್ರಾಣ ಒತ್ತಿತ್ತು. ಇನ್ನು ಈ ರೂಪಕ್ಕೂ ಒಂದು 'ನೋಡಿ' ಹಾಕಬೇಕಲ್ಲ ಎಂದು ಅಭ್ಯಾಸಬಲದಿಂದ ಮನಸ್ಸು ಓಡಿತು. ಫಿಲು ನನ್ನ ಮುಖವನ್ನೇ ನೋಡುತ್ತಿದ್ದಳು.

"ತಪ್ಪ ಬರದಾನೇನ್ರಿ?"

"ಇಲ್ಲ" ಎಂದೆ. "ಬರೋಬ್ಬರಿ ಐತಿ."

"ತಪ್ಪಿದ್ರೂ ಇರ್ಲಿ ಬಿಡ್ರಿ. ಇಲ್ಲಿ ಯಾರ ಮಲಗ್ಯಾರ ಅನ್ನೂದು ನಮಗ ಗೊತ್ತೈತಲ್ಲ."

ನಿಮ್ಮ ನಂತರದವರಿಗೆ? ಎಂದು ಕೇಳುವುದೇ ನನ್ನ ವೃತ್ತಿ. ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ತಿರುವಿನ ಆಚೆ ಬಸ್ಸಿನ ಎಂಜಿನ್ನಿನ ಸದ್ದು ಕೇಳಿಸಿತು. ಫಿಲು ನನ್ನ ಚೀಲ ಎತ್ತಿಕೊಂಡು ಇಳಿಜಾರಿನಲ್ಲಿ ಓಡುನಡಿಗೆ ಹಾಕಿದಳು. ಕೆಸರಿನಲ್ಲಿ ಸೀರೆ ಎತ್ತಿ ಹಿಡಿದು ಹಿಂದೆ ಹಿಂದೆ ಹೋದ ನಾನು, ಇದು ಹಳಿಯಾಳದ್ದೋ ಯಲ್ಲಾಪುರದ್ದೋ, ಬೋರ್ಡು ಕಾಣಿಸುತ್ತದೆಯೇ ನೋಡು ಎಂದು ಕೂಗಿದೆ.

"ಈ ಬಸ್ಸಿಗೆ ಬೋರ್ಡ್ ಇರಂಗಿಲ್ರಿ ಅಕ್ಕೋರ" ಎಂದಳು ಅವಳು ತಿರುಗಿ ನೋಡದೆ, ಕೈ ಎತ್ತಿ ಬಸ್ಸಿಗೆ ಅಡ್ಡ ನಿಲ್ಲುತ್ತ. "ಡ್ರೈವರನ ಮಾರಿ ನೋಡಿ ಹತ್ತಬೇಕು. ಬರ್ರಿ, ನಮ್ಮವನ ಅದಾನ."